ಫೋನಿನ ನಿದ್ದೆ: ಉಳಿತಾಯವೂ ತೊಡಕೂ

ಮೊಬೈಲ್ ಫೋನಿನ ಪರದೆ ಆರಿದೊಡನೆ ಅದರ ಕೆಲಸವೂ ನಿಂತಿತೆಂದು ನಾವು ಭಾವಿಸುತ್ತೇವೆ. ವಾಸ್ತವದಲ್ಲಿ ಹಾಗಿಲ್ಲ. ಇ-ಮೇಲ್, ಸುದ್ದಿ, ಹವಾಮಾನ ಮೊದಲಾದ ಆಪ್‌ಗಳು ಹಿನ್ನೆಲೆಯಲ್ಲಿ ಆಗಾಗ ಎಚ್ಚೆತ್ತು ಇಂಟರ್‌ನೆಟ್ಟನ್ನು ಸಂಪರ್ಕಿಸುತ್ತಿರುತ್ತವೆ. ಪ್ರತಿ ಸಲವೂ ಬ್ಯಾಟರಿ ಸ್ವಲ್ಪ ಸ್ವಲ್ಪವೇ ಸವೆಯುತ್ತದೆ.

ಇದನ್ನು ತಡೆಯಲು 2015ರಲ್ಲಿ ಬಂದ ಆಂಡ್ರಾಯ್ಡ್ 6ರಲ್ಲಿ ‘ಡೋಜ್’, ಎಂದರೆ ತೂಕಡಿಕೆ, ಎಂಬ ವ್ಯವಸ್ಥೆಯನ್ನು ಅಳವಡಿಸಲಾಯಿತು. ಚಾರ್ಜಿಗೆ ಹಾಕದ ಫೋನು ಪರದೆ ಆರಿ, ಅಲುಗಾಡದೆ ಕೆಲಹೊತ್ತು ಇದ್ದರೆ ಆಪ್‌ಗಳ ಕೆಲಸವನ್ನು ಅದು ತಡೆಹಿಡಿಯುತ್ತದೆ. ನಡುನಡುವೆ ಸ್ವಲ್ಪ ಬಿಡುವು ಕೊಟ್ಟು ಬಾಕಿ ಕೆಲಸಗಳನ್ನೆಲ್ಲ ಒಟ್ಟಿಗೆ ಮುಗಿಸುತ್ತದೆ. ಹತ್ತು ಸಾಮಾನಿಗೆ ಹತ್ತು ಸಲ ಖಡೇಬಜಾರಿಗೆ ಹೋಗುವ ಬದಲು ಚೀಟಿ ಬರೆದುಕೊಂಡು ಒಮ್ಮೆಲೇ ತಂದಂತೆ ಇದು. 2018ರ ಆಂಡ್ರಾಯ್ಡ್ 9 ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ನಾವು ಅಪರೂಪಕ್ಕೆ ತೆರೆಯುವ ಆಪ್‌ಗಳನ್ನು ಗುರುತಿಸಿ ಅವುಗಳಿಗೆ ಕಡಿಮೆ ಅವಕಾಶ ಕೊಡತೊಡಗಿತು.

ತೊಡಕು ಇರುವುದು ಇಲ್ಲಿಯೇ. ಖಾನಾಪುರದಿಂದ ಬೆಳಗಾವಿಯ ಕಾಲೇಜಿಗೆ ಓಡಾಡುವ ವಿದ್ಯಾರ್ಥಿಗೆ ಪರೀಕ್ಷೆಯ ವೇಳೆ ಬದಲಾದ ಸೂಚನೆ ಬಸ್ಸು ಹತ್ತುವ ಮೊದಲೇ ಸಿಗಬೇಕು. ತುರ್ತೆಂದು ಗುರುತು ಮಾಡಿ ಕಳುಹಿಸಿದ ಸಂದೇಶ ಡೋಜ್ ಇದ್ದರೂ ಬರುತ್ತದೆ. ಹಾಗೆ ಗುರುತಿಲ್ಲದ ಸೂಚನೆ ತಡವಾಗಬಹುದು. ಕೆಲವು ತಯಾರಕರು ತಮ್ಮದೇ ಕಟ್ಟುನಿಟ್ಟಾದ ನಿರ್ಬಂಧಗಳನ್ನು ಸೇರಿಸಿರುವುದರಿಂದ, ಆಪ್ ತೆರೆದ ಮೇಲೆಯೇ ಸಂದೇಶ ಕಾಣುವುದೂ ಉಂಟು. ಸಾಮಾನ್ಯ ಕರೆ, ಎಸ್ಸೆಮ್ಮೆಸ್ ಮತ್ತು ಗಡಿಯಾರದ ಅಲಾರಂಗಳಿಗೆ ಡೋಜ್‌ನ ಅಡ್ಡಿಯಿಲ್ಲ.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಭೀಮಗಡ ವನ್ಯಧಾಮದಂಥ ಕಾಡು, ಕಣಕುಂಬಿಯಂಥ ಗುಡ್ಡಗಾಡಿನಲ್ಲಿ ಸಿಗ್ನಲ್ ಕ್ಷೀಣವಾದಾಗ ಫೋನು ಟವರಿಗಾಗಿ ಮತ್ತೆ ಮತ್ತೆ ಹುಡುಕುತ್ತದೆ. ದೂರದ ಟವರಿಗೆ ಹೆಚ್ಚು ಶಕ್ತಿ ಹಾಕಿ ಕೂಗುತ್ತದೆ. ಈ ಖರ್ಚನ್ನು ಆಪ್‌ಗಳ ಮೇಲಿನ ನಿರ್ಬಂಧದಿಂದ ತಪ್ಪಿಸಲಾಗದು. ಸಿಗ್ನಲ್ ಇಲ್ಲವೇ ಇಲ್ಲ ಎಂಬಲ್ಲಿ ಏರೋಪ್ಲೇನ್ ಮೋಡ್ ಹಾಕುವುದೇ ಉಪಾಯ. ಆದರೆ ಆಗ ಕರೆಗಳೂ ಬರುವುದಿಲ್ಲವೆಂಬುದು ನೆನಪಿರಲಿ.

ಹಾಗಾದರೆ ವಿದ್ಯಾರ್ಥಿಗಳು ಮಾಡಬೇಕಾದುದೇನು? ಕಾಲೇಜಿನ ಸೂಚನೆ ಬರುವ ಆಪ್, ಮನೆಯವರಿಗೆ ಔಷಧದ ವೇಳೆ ನೆನಪಿಸುವ ಆಪ್ ಇವೆರಡನ್ನು ಫೋನಿನ ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿ ನಿರ್ಬಂಧದಿಂದ ಹೊರಗಿಡಿ. ಆಟ, ಖರೀದಿಯ ಆಪ್‌ಗಳು ನಿದ್ರಿಸಲಿ. ಎಲ್ಲಕ್ಕೂ ವಿನಾಯಿತಿ ಕೊಟ್ಟರೆ ಸಂಜೆಗೆ ಬ್ಯಾಟರಿ ಖಾಲಿ. ಯಾವುದಕ್ಕೂ ಕೊಡದಿದ್ದರೆ ಬೇಕಾದ ಸುದ್ದಿಯೇ ತಡ. ಯಾವುದು ಎಚ್ಚರವಿರಬೇಕು ಎಂಬುದನ್ನು ಫೋನು ಊಹಿಸಬಲ್ಲದು, ನಿರ್ಧರಿಸಬೇಕಾದವರು ನೀವು.