ವಿಂಡೋಸ್ ಅಪ್‌ಗ್ರೇಡ್ ಆದ ಮೇಲೆ ಹಾರ್ಡ್ ಡಿಸ್ಕ್ ಕಾಣ್ತಾ ಇಲ್ವಾ? ‘ಫಾರ್ಮ್ಯಾಟ್’ ಒತ್ತುವ ಮುಂಚೆ ಇದನ್ನು ಓದಿ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ಮನೆ, ಅಂಗಡಿ, ಆಫೀಸುಗಳ ಎಷ್ಟೋ ಕಂಪ್ಯೂಟರ್‌ಗಳು ಈಗ ವಿಂಡೋಸ್ 11ಕ್ಕೆ ಬದಲಾಗುತ್ತಿವೆ. ಇದರ ಜೊತೆಗೆ ಒಂದು ದೂರು ಕೂಡ ಮಾಮೂಲಾಗಿದೆ: “ನಿನ್ನೆವರೆಗೆ ಸರಿ ಇದ್ದ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಇವತ್ತು ಕಾಣ್ತಾ ಇಲ್ಲ.” ಕೆಲವರಿಗೆ ಡಿಸ್ಕ್ ಕಾಣುತ್ತದೆ, ಆದರೆ ತೆರೆಯುವಾಗ “ಬಳಸುವ ಮುಂಚೆ ಫಾರ್ಮ್ಯಾಟ್ ಮಾಡಬೇಕು” ಅಂತ ಪರದೆಯಲ್ಲಿ ಬರುತ್ತದೆ. ಗಾಬರಿಯಲ್ಲಿ ‘ಓಕೆ’ ಒತ್ತಿದರೆ ಕಥೆ ಮುಗಿದಂತೆ.

ಆ ಡಿಸ್ಕಿನಲ್ಲಿ ಏನಿರುತ್ತದೆ ಅಂತ ನಮಗೆ ಗೊತ್ತೇ ಇದೆ. ಅಂಗಡಿಯವರಿಗೆ ಟ್ಯಾಲಿ ಬ್ಯಾಕಪ್, ಬಿಲ್ಲುಗಳು. ಮನೆಯವರಿಗೆ ಮದುವೆ ವಿಡಿಯೋ, ಗಲ್ಫ್‌ನಲ್ಲಿದ್ದ ವರ್ಷಗಳ ಫೋಟೋ, ತೀರಿಹೋದ ಹಿರಿಯರ ಧ್ವನಿ. ವ್ಯಾಪಾರಿಗಳಿಗೆ ಇದು ಕಾನೂನಿನ ವಿಷಯವೂ ಹೌದು. ಜಿಎಸ್‌ಟಿ ಕಾಯ್ದೆಯ 36ನೇ ಕಲಂ ಪ್ರಕಾರ, ಆಯಾ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಲೆಕ್ಕಪತ್ರ ಇಟ್ಟುಕೊಳ್ಳಲೇಬೇಕು. “ಡಿಸ್ಕ್ ಹೋಯ್ತು ಸಾರ್” ಅಂದರೆ ಅಧಿಕಾರಿ ಕೇಳುವುದಿಲ್ಲ.

ಸಮಾಧಾನದ ವಿಷಯ ಏನೆಂದರೆ, ಅಪ್‌ಗ್ರೇಡ್ ಆದ ತಕ್ಷಣ ಡಿಸ್ಕ್ ಕಾಣದಿದ್ದರೆ ಡೇಟಾ ಹೋಗಿದೆ ಅಂತ ಅರ್ಥವಲ್ಲ. ಎಷ್ಟೋ ಸಲ ಡೇಟಾ ಇದ್ದಲ್ಲೇ ಇರುತ್ತದೆ. ಹೊಸ ವಿಂಡೋಸ್‌ಗೆ ಅದರ ವಿಳಾಸ ಮಾತ್ರ ಗೊತ್ತಿರುವುದಿಲ್ಲ. ಹಾಗಾಗಿ ಕ್ರಮವಾಗಿ ನೋಡಬೇಕು.

ಮೊದಲು ಇನ್ನೊಂದು ಕಂಪ್ಯೂಟರ್

ಸೆಟ್ಟಿಂಗ್ಸ್‌ಗೆ ಕೈಹಾಕುವ ಮುಂಚೆ ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಹಾಕಿ ನೋಡಿ. ಅಲ್ಲಿ ತೆರೆದರೆ ಡಿಸ್ಕ್ ಸರಿ ಇದೆ, ಸಮಸ್ಯೆ ನಿಮ್ಮ ಕಂಪ್ಯೂಟರಿನದು. ಆಗ ಬೇರೇನೂ ಮಾಡದೆ ಮುಖ್ಯ ಫೈಲುಗಳನ್ನು ಅಲ್ಲೇ ಕಾಪಿ ಮಾಡಿಟ್ಟುಕೊಳ್ಳಿ. ರಿಪೇರಿ ಆಮೇಲೆ.

ಅಲ್ಲೂ ತೆರೆಯದಿದ್ದರೆ ಕೇಬಲ್ ಬದಲಿಸಿ. ಹಬ್ ತೆಗೆದು ನೇರವಾಗಿ ಹಾಕಿ. ಡೆಸ್ಕ್‌ಟಾಪ್ ಆದರೆ ಹಿಂಬದಿಯ ಪೋರ್ಟ್ ಬಳಸಿ. ಯುಎಸ್‌ಬಿ 2.0 ಪೋರ್ಟ್ ಕೊಡುವುದು 500 ಮಿಲಿಆಂಪಿಯರ್ ಕರೆಂಟ್, 3.0 ಪೋರ್ಟ್ 900. ಹಳೆಯ ಡಿಸ್ಕಿಗೆ ಕರೆಂಟ್ ಸಾಲದಿದ್ದರೆ ದೀಪ ಉರಿಯುತ್ತದೆ, ಡಿಸ್ಕ್ ತಿರುಗುವುದಿಲ್ಲ.

ಡಿಸ್ಕಿನಿಂದ ಟಿಕ್ ಟಿಕ್ ಅಂತ ಶಬ್ದ ಬರುತ್ತಿದ್ದರೆ ಕೂಡಲೇ ತೆಗೆದಿಡಿ. ಅದು ಯಂತ್ರದ ದೋಷ, ವಿಂಡೋಸ್‌ನದ್ದಲ್ಲ. ಮತ್ತೆ ಮತ್ತೆ ಹಾಕಿ ನೋಡಿದಷ್ಟೂ ಒಳಗಿನ ತಟ್ಟೆಗೆ ಗೀರು ಬೀಳಬಹುದು. ಇಂಥದ್ದು ಡೇಟಾ ರಿಕವರಿ ಮಾಡುವವರ ಕೆಲಸ.

ಅಕ್ಷರ ಇಲ್ಲದ ಡಿಸ್ಕ್

ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ, ‘ಡಿಸ್ಕ್ ಮ್ಯಾನೇಜ್‌ಮೆಂಟ್’ ತೆರೆಯಿರಿ. ಅಲ್ಲಿ ನಿಮ್ಮ ಡಿಸ್ಕ್ ‘ಹೆಲ್ದಿ’ ಅಂತ ಇದ್ದು, ಪಕ್ಕದಲ್ಲಿ ಇ, ಎಫ್ ಅಂತ ಅಕ್ಷರ ಇಲ್ಲದಿದ್ದರೆ ಕಾರಣ ಸಿಕ್ಕಿತು. ಅದರ ಮೇಲೆ ರೈಟ್ ಕ್ಲಿಕ್ ಮಾಡಿ, ‘ಚೇಂಜ್ ಡ್ರೈವ್ ಲೆಟರ್ ಆ್ಯಂಡ್ ಪಾಥ್ಸ್’ ಆರಿಸಿ, ‘ಆ್ಯಡ್’ ಒತ್ತಿ ಒಂದು ಅಕ್ಷರ ಕೊಡಿ. ಡಿಸ್ಕ್ ಕಾಣಿಸುತ್ತದೆ.

ಅಂಗಡಿಯವರು ಇಲ್ಲಿ ಒಂದು ವಿಷಯ ಗಮನಿಸಬೇಕು. ಹಿಂದೆ ‘ಇ’ ಇದ್ದ ಡಿಸ್ಕ್ ಈಗ ‘ಎಫ್’ ಆಗಿದ್ದರೆ, ಡೇಟಾ ‘ಇ’ಯಲ್ಲಿದೆ ಅಂತ ನಂಬಿದ ಟ್ಯಾಲಿ ಖಾಲಿ ಪಟ್ಟಿ ತೋರಿಸುತ್ತದೆ. ಕಂಪೆನಿ ಅಳಿಸಿಹೋಗಿದೆ ಅಂತ ಭಾವಿಸಿ ಹೊಸ ಕಂಪೆನಿ ಮಾಡಬೇಡಿ. ಡಿಸ್ಕಿಗೆ ಹಳೆಯ ಅಕ್ಷರವನ್ನೇ ಕೊಟ್ಟರೆ ಸಾಕು.

ಡ್ರೈವರ್ ಮತ್ತು ಕರೆಂಟ್ ಉಳಿತಾಯ

ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲೂ ಕಾಣದಿದ್ದರೆ ‘ಡಿವೈಸ್ ಮ್ಯಾನೇಜರ್’ ನೋಡಿ. ಹಳದಿ ಗುರುತು ಇರುವ ಯುಎಸ್‌ಬಿ ಸಾಧನವನ್ನು ‘ಅನ್‌ಇನ್‌ಸ್ಟಾಲ್’ ಮಾಡಿ, ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ. ವಿಂಡೋಸ್ ತಾನೇ ಮತ್ತೆ ಡ್ರೈವರ್ ಹಾಕಿಕೊಳ್ಳುತ್ತದೆ. ಆಗಲೂ ಸರಿಯಾಗದಿದ್ದರೆ ನಿಮ್ಮ ಕಂಪ್ಯೂಟರ್ ತಯಾರಕರ ವೆಬ್‌ಸೈಟಿನಿಂದಲೇ ಚಿಪ್‌ಸೆಟ್ ಡ್ರೈವರ್ ಇಳಿಸಿಕೊಳ್ಳಿ. ಸಿಕ್ಕ ಸಿಕ್ಕ ‘ಡ್ರೈವರ್ ಅಪ್‌ಡೇಟರ್’ ಬೇಡ.

ಡಿಸ್ಕ್ ಕಾಣಿಸಿ ಮತ್ತೆ ಮಾಯವಾಗುತ್ತಿದ್ದರೆ ಕರೆಂಟ್ ಉಳಿತಾಯದ ಸೆಟ್ಟಿಂಗ್ ಕಾರಣ ಇರಬಹುದು. ಡಿವೈಸ್ ಮ್ಯಾನೇಜರ್‌ನ ‘ಯುಎಸ್‌ಬಿ ರೂಟ್ ಹಬ್’ ತೆರೆದು, ‘ಪವರ್ ಮ್ಯಾನೇಜ್‌ಮೆಂಟ್’ ಪುಟದಲ್ಲಿ ಕರೆಂಟ್ ಉಳಿಸಲು ಸಾಧನ ಆಫ್ ಮಾಡುವ ಟಿಕ್ ತೆಗೆಯಿರಿ.

ಬಾಗಿಲು ಇದೆ, ಬೀಗ ಬಿದ್ದಿದೆ

ಎಲ್ಲ ಅಳಿಸಿ ಹೊಸದಾಗಿ ವಿಂಡೋಸ್ ಹಾಕಿಸಿದವರಿಗೆ ಕೆಲವು ಫೋಲ್ಡರ್‌ಗಳಲ್ಲಿ ‘ಆಕ್ಸೆಸ್ ಡಿನೈಡ್’ ಅಂತ ಬರಬಹುದು. ಫೈಲಿನ ಮಾಲಕತ್ವ ಹಳೆಯ ವಿಂಡೋಸ್‌ನ ಖಾತೆಯ ಹೆಸರಲ್ಲೇ ಉಳಿದಿರುತ್ತದೆ. ಹೊಸ ಖಾತೆಗೂ ನೀವು ಅದೇ ಹೆಸರು ಇಟ್ಟಿದ್ದರೂ ವಿಂಡೋಸ್‌ಗೆ ನೀವು ಬೇರೆ ಮನುಷ್ಯ. ಫೋಲ್ಡರಿನ ‘ಪ್ರಾಪರ್ಟೀಸ್’, ‘ಸೆಕ್ಯುರಿಟಿ’, ‘ಅಡ್ವಾನ್ಸ್ಡ್’ ಅಂತ ಹೋಗಿ ‘ಓನರ್’ ಬದಲಿಸಿ.

‘ಬಿಟ್‌ಲಾಕರ್’ ಹಾಕಿದ ಡಿಸ್ಕ್ ಪಾಸ್‌ವರ್ಡ್ ಅಥವಾ 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಬೀಗ ಹಾಕುವಾಗ ಕೀಯನ್ನು ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿಸಿದ್ದರೆ ಅಲ್ಲೇ ಸಿಗುತ್ತದೆ. ಎರಡೂ ಇಲ್ಲದಿದ್ದರೆ ಆ ಬೀಗ ತೆರೆಯುವ ದಾರಿ ಇಲ್ಲ. “ತೆಗೆದುಕೊಡ್ತೇವೆ” ಅನ್ನುವವರಿಗೆ ದುಡ್ಡು ಕೊಡಬೇಡಿ.

ಮ್ಯಾಕ್‌ನಲ್ಲಿ ವಿಷಯ ಸ್ವಲ್ಪ ಬೇರೆ. ವಿಂಡೋಸ್‌ನ ಎನ್‌ಟಿಎಫ್‌ಎಸ್ ಡಿಸ್ಕನ್ನು ಮ್ಯಾಕ್ ಓದುತ್ತದೆ, ಬರೆಯುವುದಿಲ್ಲ. ಬರೆಯಲು ಹಾಕಿಕೊಂಡ ಬೇರೆ ಕಂಪೆನಿಯ ಸಾಫ್ಟ್‌ವೇರ್ ಅಪ್‌ಗ್ರೇಡ್ ನಂತರ ಕೆಲಸ ನಿಲ್ಲಿಸಬಹುದು. ಅದನ್ನೂ ಅಪ್‌ಡೇಟ್ ಮಾಡಬೇಕು.

ಕೈ ಹಚ್ಚಬಾರದ ಬಟನ್‌ಗಳು

ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ‘ರಾ’, ‘ಅನ್‌ಅಲೊಕೇಟೆಡ್’ ಅಥವಾ ‘ನಾಟ್ ಇನಿಷಿಯಲೈಸ್ಡ್’ ಅಂತ ಕಂಡರೆ ಅಲ್ಲಿಗೇ ನಿಲ್ಲಿ. ‘ಇನಿಷಿಯಲೈಸ್’ ಬೇಡ, ‘ನ್ಯೂ ವಾಲ್ಯೂಮ್’ ಬೇಡ, ‘ಫಾರ್ಮ್ಯಾಟ್’ ಬೇಡ. ಕ್ವಿಕ್ ಫಾರ್ಮ್ಯಾಟ್ ಅಂದರೆ ಲೆಕ್ಕ ಪುಸ್ತಕದ ಸೂಚಿ ಹರಿದು ಹಾಕಿದ ಹಾಗೆ; ಅದರ ಮೇಲೆ ಹೊಸದು ಬರೆಯದಿದ್ದರೆ ಹಳೆಯದು ಒಂದಷ್ಟು ಸಿಗಬಹುದು. ಆದರೆ ‘ಕ್ವಿಕ್’ ಟಿಕ್ ತೆಗೆದು ಪೂರ್ತಿ ಫಾರ್ಮ್ಯಾಟ್ ಮಾಡಿದರೆ ವಿಂಡೋಸ್ ಇಡೀ ಡಿಸ್ಕಿಗೆ ಸೊನ್ನೆ ತುಂಬುತ್ತದೆ. ಆಮೇಲೆ ಯಾರಿಂದಲೂ ಆಗುವುದಿಲ್ಲ.

ಡಿಸ್ಕ್ ತಪಾಸಣೆಯ ‘ಚೆಕ್’ ಕೂಡ ಕಾಪಿ ಆದ ಮೇಲೆಯೇ ಮಾಡಿ. ದೋಷ ತಿದ್ದಲು ಅದು ಡಿಸ್ಕಿನ ಮೇಲೆ ಬರೆಯುತ್ತದೆ. ಸಾಯುತ್ತಿರುವ ಡಿಸ್ಕಿಗೆ ಅದೇ ಕೊನೆಯ ಪೆಟ್ಟಾಗಬಹುದು.

ಏನು ಮಾಡಿದರೂ ಆಗದಿದ್ದರೆ, ವಿಂಡೋಸ್ 11ಕ್ಕೆ ಅಪ್‌ಗ್ರೇಡ್ ಆಗಿ 10 ದಿನದೊಳಗೆ ‘ಸೆಟ್ಟಿಂಗ್ಸ್’, ‘ಸಿಸ್ಟಮ್’, ‘ರಿಕವರಿ’ಯಲ್ಲಿ ‘ಗೋ ಬ್ಯಾಕ್’ ಒತ್ತಿ ಹಳೆಯದಕ್ಕೆ ಮರಳುವ ಅವಕಾಶ ಇದೆ.

ಅಪ್‌ಗ್ರೇಡ್‌ಗೆ ಮುಂಚೆ

ಇನ್ನೂ ಅಪ್‌ಗ್ರೇಡ್ ಮಾಡದವರು ಡಿಸ್ಕನ್ನು ‘ಇಜೆಕ್ಟ್’ ಮಾಡಿ, ಕಳಚಿಟ್ಟು ಕೆಲಸ ಶುರುಮಾಡಿ. 2019ರ ಮೇ ತಿಂಗಳ ವಿಂಡೋಸ್ 10 ಅಪ್‌ಡೇಟ್ ಬಂದಾಗ, ಯುಎಸ್‌ಬಿ ಡಿಸ್ಕ್ ಅಥವಾ ಮೆಮೊರಿ ಕಾರ್ಡ್ ಹಾಕಿದ್ದ ಕೆಲವು ಕಂಪ್ಯೂಟರ್‌ಗಳಲ್ಲಿ ಅಪ್‌ಗ್ರೇಡನ್ನು ಮೈಕ್ರೋಸಾಫ್ಟೇ ತಡೆದಿತ್ತು. ಡ್ರೈವ್ ಅಕ್ಷರಗಳು ಅದಲು ಬದಲಾಗುತ್ತವೆ ಎಂಬುದೇ ಕಾರಣ. 2013ರಲ್ಲಿ ಮ್ಯಾಕ್‌ನ ‘ಮೇವರಿಕ್ಸ್’ ಬಂದಾಗ ವೆಸ್ಟರ್ನ್ ಡಿಜಿಟಲ್ ಕಂಪೆನಿ, ತನ್ನ ಡಿಸ್ಕ್ ಜೊತೆಗಿನ ಸಾಫ್ಟ್‌ವೇರ್ ತೆಗೆದುಹಾಕಿದ ಮೇಲೆಯೇ ಅಪ್‌ಗ್ರೇಡ್ ಮಾಡಿ ಅಂತ ಗ್ರಾಹಕರಿಗೆ ಎಚ್ಚರಿಕೆ ಕೊಟ್ಟಿತ್ತು. ಆಗ ಡೇಟಾ ಕಳಕೊಂಡವರೂ ಇದ್ದರು.

ಕೊನೆಯದಾಗಿ, ಒಂದೇ ಡಿಸ್ಕಿನಲ್ಲಿ ಇರುವುದು ಬ್ಯಾಕಪ್ ಅಲ್ಲ. ಕಂಪ್ಯೂಟರಿನಿಂದ ಅಳಿಸಿ ಡಿಸ್ಕಿಗೆ ಹಾಕಿದರೆ ನಿಮ್ಮ ಹತ್ತಿರ ಇರುವುದು ಒಂದೇ ಪ್ರತಿ. ಇನ್ನೊಂದು ಪ್ರತಿ ಬೇರೆ ಡಿಸ್ಕಿನಲ್ಲಿ, ಸಾಧ್ಯವಾದರೆ ಬೇರೆ ಮನೆಯಲ್ಲಿ ಇರಲಿ. ಮನೆಯಲ್ಲಿ ಕಂಪ್ಯೂಟರ್ ಗೊತ್ತಿರುವ ಹುಡುಗ ಹುಡುಗಿಯರು ಈ ಭಾನುವಾರ ಒಂದು ಗಂಟೆ ಕೂತು ತಂದೆ ತಾಯಿಯ ಡಿಸ್ಕನ್ನು ಕಾಪಿ ಮಾಡಿಕೊಡಿ. ಲೆಕ್ಕವನ್ನು ಹೇಗಾದರೂ ಕಷ್ಟಪಟ್ಟು ಮತ್ತೆ ಬರೆಯಬಹುದು. ಹಿರಿಯರ ಧ್ವನಿ ಹೋದರೆ ಮತ್ತೆ ರೆಕಾರ್ಡ್ ಮಾಡಲು ಆಗುವುದಿಲ್ಲ.