ಐದು ಭಾಷೆ, ಎರಡೇ ಲೆಕ್ಕ

2018ರ ಸೆಪ್ಟೆಂಬರಿನಲ್ಲಿ ಭಾಷಾ ಬೋಧನೆಯ ಎಂ.ಎ. ಓದಲು ಇಂಗ್ಲೆಂಡಿನ ಲೀಡ್ಸ್ ನಗರಕ್ಕೆ ಹೋದೆ. ಮೊದಲ ವಾರವೇ ಒಂದು ಹಾಳೆ ಕೊಟ್ಟು, ಬರುವ ಭಾಷೆಗಳನ್ನೆಲ್ಲ ಬರೆಯಿರಿ ಅಂದರು. ನಾನು ಎರಡು ಬರೆದೆ: ಕನ್ನಡ, ಇಂಗ್ಲಿಷ್. ಪ್ರಾಧ್ಯಾಪಕಿ ಹಾಳೆ ನೋಡಿ ಪಕ್ಕದಲ್ಲಿ ಬಂದು ಕೂತರು. ‘ಊರಲ್ಲಿ ಬೆಳಗಿನಿಂದ ಸಂಜೆವರೆಗೆ ಯಾರ್ಯಾರ ಜೊತೆ ಮಾತಾಡ್ತೀರಿ, ಹೇಳಿ’ ಅಂದರು. ಮನೆಯಲ್ಲಿ ಅವ್ವನ ಜೊತೆ ಕನ್ನಡ. ಅಕ್ಕಲಕೋಟ ಕಡೆಯಿಂದ ಸೊಸೆಯಾಗಿ ಬಂದ ಓಣಿಯ ಹೆಂಗಸರ ಜೊತೆ ಮರಾಠಿ. ಆಳಂದ ಬಜಾರಿನಲ್ಲಿ ಬಳೆ ಇಡಿಸಿಕೊಳ್ಳುವಾಗ ದಖನಿ. ಕಲಬುರಗಿ ರೈಲು ನಿಲ್ದಾಣದಲ್ಲಿ ಹಿಂದಿ. ಕಾಲೇಜಿನಲ್ಲಿ ಇಂಗ್ಲಿಷ್. ನಾನು ಹೇಳುತ್ತ ಹೋದೆ, ಅವರು ಬೆರಳು ಮಡಚುತ್ತ ಹೋದರು. ಐದೂ ಬೆರಳು ಮಡಚಿ ಮುಷ್ಟಿಯಾಯಿತು. ‘ಉಳಿದ ಮೂರನ್ನು ಎಲ್ಲಿ ಕಳೆದಿರಿ?’ ಎಂದು ಕೇಳಿದರು.

ಎಲ್ಲಿ ಕಳೆದೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ನಾನು ಹುಟ್ಟಿದ್ದು ಆಳಂದದಲ್ಲಿ. ಅವ್ವನ ತವರು ಅಫಜಲಪುರ ತಾಲ್ಲೂಕಿನ ಭೀಮಾ ದಂಡೆಯ ಹಳ್ಳಿ. ಅಕ್ಕನನ್ನು ಕೊಟ್ಟಿದ್ದು ಜೇವರ್ಗಿಗೆ. ಈ ಮೂರು ಊರುಗಳ ಮಾತೇ ನನ್ನ ಕನ್ನಡ. ಪದವಿಗೆಂದು ಬೆಂಗಳೂರಿಗೆ ಹೋದ ಮೊದಲ ದಿನ ತರಗತಿಯಲ್ಲಿ, ‘ಕಿಡಕಿ ತಗೀರಿ, ಭಾಳ ಶೆಕಿ ಆಗ್ಲಾಕತ್ತದ’ ಅಂದೆ. ಎಲ್ಲರೂ ನಕ್ಕರು. ಒಬ್ಬಳು, ‘ಇದು ಕನ್ನಡಾನಾ?’ ಎಂದು ಕೇಳಿದಳು. ಆವತ್ತು ಮುಚ್ಚಿದ ಬಾಯಿ ಮೂರು ವರ್ಷ ಸರಿಯಾಗಿ ತೆರೆಯಲೇ ಇಲ್ಲ. ಮರಾಠಿ ಬೆರೆತದ್ದು, ದಖನಿ ಬೆರೆತದ್ದು ಎಲ್ಲ ಕಲಬೆರಕೆ ಎಂದು ನಾನೇ ತೀರ್ಮಾನಿಸಿಕೊಂಡಿದ್ದೆ.

ಲೀಡ್ಸ್ ಇರುವುದು ಯಾರ್ಕ್‌ಶೈರ್ ಸೀಮೆಯಲ್ಲಿ. ನಾನು ಕಲಿತಿದ್ದ ಇಂಗ್ಲಿಷ್ ಅಲ್ಲಿಯ ಬೀದಿಯಲ್ಲಿ ನಡೆಯಲಿಲ್ಲ. ‘ನಥಿಂಗ್’ ಅನ್ನಬೇಕಾದಲ್ಲಿ ಅವರು ‘ನೌಟ್’ ಅನ್ನುತ್ತಾರೆ. ಬಸ್ ಓಡಿಸುವವರು ಗುರುತಿಲ್ಲದ ಹೆಂಗಸರನ್ನೂ ‘ಲವ್’ ಎಂದು ಕರೆದು ಟಿಕೆಟ್ ಕೊಡುತ್ತಾರೆ. ಮೊದಲ ಸಲ ಕೇಳಿದಾಗ ಗಾಬರಿಯಾಯಿತು. ಆಮೇಲೆ ಜೇವರ್ಗಿ ಬಸ್ಸಿನ ಕಂಡಕ್ಟರ್ ನೆನಪಾದರು. ಮಗಳ ವಯಸ್ಸಿನವಳಿರಲಿ, ಮುದುಕಿಯಿರಲಿ, ‘ಯವ್ವಾ, ಜರಾ ಸರದ ಕೂಡು’ ಅನ್ನುತ್ತಿದ್ದರಲ್ಲ, ಅದೇ ಅಕ್ಕರೆ ಇದು. ಈ ಜನ ತಮ್ಮ ಮಾತಿಗೆ ನಾಚುತ್ತಿರಲಿಲ್ಲ. ನಾನು ಯಾಕೆ ನಾಚಿದೆ?

ಮೊದಲ ಪ್ರಬಂಧಕ್ಕೆ ನನ್ನೂರ ಮಾತನ್ನೇ ಆರಿಸಿಕೊಂಡೆ. ನಾವು ಆಸ್ಪತ್ರೆಗೆ ದವಾಖಾನಿ ಅನ್ನುತ್ತೇವೆ. ದವಾ ಅರಬ್ಬಿಯದು, ಖಾನಾ ಪಾರಸಿಯದು, ಕೊನೆಯ ಇಕಾರ ನಮ್ಮದು. 1347ರಲ್ಲಿ ಬಹಮನಿ ರಾಜ್ಯ ಶುರುವಾದಾಗ ಕಲಬುರಗಿ ಅದರ ರಾಜಧಾನಿಯಾಯಿತು. ಕೊನೆಗೆ ನಿಜಾಮರ ಆಳ್ವಿಕೆ 1948ರ ಸೆಪ್ಟೆಂಬರ್‌ವರೆಗೆ ನಡೆಯಿತು. 1956ರಲ್ಲಿ ನಾವು ಅಂದಿನ ಮೈಸೂರು ರಾಜ್ಯಕ್ಕೆ ಸೇರಿದೆವು. ನನ್ನ ಮುತ್ಯಾ ಸಾಲೆಯಲ್ಲಿ ಕಲಿತಿದ್ದು ಉರ್ದು, ಮನೆಯಲ್ಲಿ ಹಾಡಿದ್ದು ಕಡಕೋಳ ಮಡಿವಾಳಪ್ಪನ ತತ್ವಪದ. ಜೇವರ್ಗಿ ಸೀಮೆಯ ಆ ಮಡಿವಾಳಪ್ಪನ ಶಿಷ್ಯರಲ್ಲಿ ಚೆನ್ನೂರ ಜಲಾಲಸಾಹೇಬರೂ ಒಬ್ಬರು, ಅವರು ಕೂಡ ಕನ್ನಡದಲ್ಲೇ ಪದ ಕಟ್ಟಿದವರು. ಆರು ಶತಮಾನಗಳ ಒಡನಾಟ ನಮ್ಮ ನಾಲಿಗೆಯ ಮೇಲೆ ಕೂತಿದೆ. ಅದನ್ನು ನಾನು ಕಲಬೆರಕೆ ಎಂದು ಕರೆದಿದ್ದೆ.

ಹೊರಗೆ ಕಲಿತ ಇನ್ನೊಂದು ಪಾಠ, ಕೇಳುವುದು. 2019ರ ಜನವರಿ ಮೊದಲ ವಾರ ಎಳ್ಳಮಾಸಿ ಬಂತು. ಅವ್ವ ಜೋಳದ ಹೊಲದಿಂದ ವಿಡಿಯೋ ಕರೆ ಮಾಡಿದಳು. ಅಲ್ಲಿ ನಡು ಮಧ್ಯಾಹ್ನ, ನನಗಿನ್ನೂ ಬೆಳಗಿನ ಆರೂವರೆಯ ಕಗ್ಗತ್ತಲು. ಅಪ್ಪ ಹೊಲದ ಸುತ್ತ ಚರಗ ಚೆಲ್ಲುತ್ತಿದ್ದ. ಸಜ್ಜೆ ಕಡುಬು, ಭಜ್ಜಿ, ಪುಂಡಿಪಲ್ಯದ ಬುಟ್ಟಿಗಳು ಬದುವಿನ ಮೇಲಿದ್ದವು. ಅಡುಗೆಮನೆಗೆ ಬಂದ ಗೆಳತಿ ಪರದೆಯನ್ನು ನೋಡಿ, ‘ಊಟವನ್ನು ನೆಲಕ್ಕೆ ಯಾಕೆ ಚೆಲ್ಲುತ್ತಾರೆ?’ ಎಂದಳು. ನನ್ನ ಬಳಿ ಉತ್ತರವಿರಲಿಲ್ಲ. ಇಪ್ಪತ್ನಾಲ್ಕು ವರ್ಷ ಕಣ್ಣಾರೆ ಕಂಡಿದ್ದೆ, ಒಮ್ಮೆಯೂ ಕೇಳಿರಲಿಲ್ಲ. ಆಗಲೇ ಕೇಳಿದೆ. ಅವ್ವ ಒಂದು ಗಳಿಗೆ ಸುಮ್ಮನಿದ್ದು, ‘ನಮಗ ಉಣಸಾಕಿ ಆಕಿನೇ ಅಲ್ಲೇನವ್ವಾ? ಮೊದಲ ಆಕಿ ಉಣ್ಲಿ, ಆಮ್ಯಾಗ ನಾವು’ ಅಂದಳು. ಅವ್ವ ಸಾಲೆ ಕಟ್ಟೆ ಹತ್ತಿದವಳಲ್ಲ. ಆ ಮಾತನ್ನು ಇಂಗ್ಲಿಷಿಗೆ ತರಲು ನನಗೆ ಅರ್ಧ ಗಂಟೆ ಹಿಡಿಯಿತು.

ಇಂಥ ಅನುಭವ ನನಗೇ ಮೊದಲು ಆದದ್ದೇನೂ ಅಲ್ಲ. ಯು.ಆರ್. ಅನಂತಮೂರ್ತಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಸಂಶೋಧನೆಗೆ ಹೋಗಿದ್ದಾಗ ಬರ್ಗ್‌ಮನ್‌ನ ‘ಸೆವೆಂತ್ ಸೀಲ್’ ಚಿತ್ರ ನೋಡಿ ಬಂದು, ಆ ಚಳಿಯ ಊರಲ್ಲಿ ಕೂತು ಮಲೆನಾಡಿನ ಅಗ್ರಹಾರದ ಕಥೆ ‘ಸಂಸ್ಕಾರ’ವನ್ನು ಕನ್ನಡದಲ್ಲಿ ಬರೆದರು. ದೂರ ಹೋದವರಿಗೆ ಊರು ಪ್ರಶ್ನೆಯಾಗಿ ಎದುರು ನಿಲ್ಲುತ್ತದೆ.

ಊರಿಗೆ ಮರಳುವ ಮುನ್ನ ಲಂಡನ್ನಿಗೆ ಹೋಗಿ, ಥೇಮ್ಸ್ ದಂಡೆಯಲ್ಲಿರುವ ಬಸವಣ್ಣನ ಪ್ರತಿಮೆಯ ಮುಂದೆ ನಿಂತೆ. ಕಲಬುರಗಿ ಜಿಲ್ಲೆಯಿಂದ ಹೋಗಿ ಲ್ಯಾಂಬೆತ್‌ನ ಮೇಯರ್ ಆಗಿದ್ದ ವೈದ್ಯ ನೀರಜ್ ಪಾಟೀಲರ ಪ್ರಯತ್ನದಿಂದ ನಿಂತ ಪ್ರತಿಮೆ ಅದು, 2015ರ ನವೆಂಬರ್ 14ರಂದು ಅನಾವರಣಗೊಂಡದ್ದು. ದೇವರ ಜೊತೆ ಜನರ ಮಾತಿನಲ್ಲೇ ಮಾತಾಡಿದ ಬಸವಣ್ಣನ ಎದುರು ನನ್ನ ಮೂರು ವರ್ಷದ ಮೌನ ನೆನೆದು ಕಣ್ಣು ತುಂಬಿತು.

ನಮ್ಮ ತಾಲ್ಲೂಕಿನ ಮಕ್ಕಳಿಗೆ ಒಂದು ಮಾತು ಹೇಳಬೇಕು. ಹೊರದೇಶದ ಓದು ರೊಕ್ಕಸ್ಥರಿಗಷ್ಟೇ ಎಂದುಕೊಳ್ಳಬೇಡಿ. ನಾನು ಹೋಗಿದ್ದು ಕಾಮನ್‌ವೆಲ್ತ್ ವಿದ್ಯಾರ್ಥಿವೇತನದಲ್ಲಿ. ಶುಲ್ಕ, ವಿಮಾನದ ಖರ್ಚು, ತಿಂಗಳ ಖರ್ಚು ಎಲ್ಲ ಅವರೇ ಕೊಡುತ್ತಾರೆ, ಓದು ಮುಗಿದ ಮೇಲೆ ದೇಶಕ್ಕೆ ಮರಳಬೇಕು. ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯ, ಭೂರಹಿತ ಕೃಷಿ ಕೂಲಿಕಾರರ ಮಕ್ಕಳಿಗೆ ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವಿದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ರಾಜ್ಯ ಸರ್ಕಾರದ ಪ್ರಬುದ್ಧ ಯೋಜನೆ ಇದೆ. ಅರ್ಜಿಯಲ್ಲಿ ನಿಮ್ಮ ಊರು, ಮನೆ, ಮಾತಿನ ಬಗ್ಗೆ ಬರೆಯಲು ಸಂಕೋಚ ಬೇಡ, ಬೇರೆ ಯಾರೂ ಬರೆಯಲಾಗದ್ದು ಅದೊಂದೇ.

ಈಗ ನಾನು ಶಿಕ್ಷಕರಿಗೆ ತರಬೇತಿ ಕೊಡುತ್ತೇನೆ, ನಡುನಡುವೆ ಸಾಲೆಗಳಿಗೂ ಹೋಗುತ್ತೇನೆ. ಜೇವರ್ಗಿ ತಾಲ್ಲೂಕಿನ ಒಂದು ಸಾಲೆಯಲ್ಲಿ ತಾಂಡಾದ ಹುಡುಗಿಗೆ, ‘ಎಷ್ಟು ಭಾಷಾ ಬರ್ತಾವವ್ವಾ?’ ಎಂದು ಕೇಳಿದೆ. ‘ಒಂದೇ ರೀ, ಕನ್ನಡ. ಅದೂ ಛಲೋ ಬರಂಗಿಲ್ರಿ’ ಅಂದಳು, ತಲೆ ತಗ್ಗಿಸಿ. ಅವಳ ಪಕ್ಕ ಕೂತು, ಅವಳ ಕೈ ಹಿಡಿದು, ಬೆಳಗಿನಿಂದ ಸಂಜೆವರೆಗೆ ಯಾರ್ಯಾರ ಜೊತೆ ಮಾತಾಡುತ್ತಾಳೆಂದು ಕೇಳುತ್ತ ಹೋದೆ. ಆಯಿಯ ಜೊತೆ ಲಂಬಾಣಿ. ಸಾಲೆಯಲ್ಲಿ ಕನ್ನಡ. ಕಿರಾಣಿ ಅಂಗಡಿಯಲ್ಲಿ ದಖನಿ. ದುಡಿಯಲು ಹೋದ ಅಪ್ಪನ ಜೊತೆ ಮುಂಬೈಯಲ್ಲಿದ್ದಾಗ ಕಲಿತ ಮರಾಠಿ. ನಾಲ್ಕು ಬೆರಳು ಮಡಚಿದ ಮೇಲೆ ಅವಳು ತಾನೇ ಐದನೆಯದನ್ನು ಹಿಡಿದು, ‘ಇಂಗ್ಲಿಷ್‌ದಾಗ ಎ ಬಿ ಸಿ ಡಿ ಬರ್ತದ್ರಿ, ಅದು ಲೆಕ್ಕಕ್ಕ ಬರ್ತದನ್ರಿ?’ ಎಂದು ಕೇಳಿದಳು.