ಮಣಿಪಾಲದ ವಿದ್ಯಾರ್ಥಿಗಳಿಗೆ ಮಟ್ಟುವಿನ ಪಾಠ

ವೈದ್ಯಕೀಯ, ಇಂಜಿನಿಯರಿಂಗ್ ಕಲಿಯಲೆಂದು ಬೆಳಗಾವಿ, ಧಾರವಾಡ, ದಾವಣಗೆರೆಗಳಿಂದ ಮಕ್ಕಳನ್ನು ಮಣಿಪಾಲಕ್ಕೆ ಕಳುಹಿಸಿದ ಮನೆಗಳು ನಮ್ಮ ಸಮಾಜದಲ್ಲಿ ಕಡಿಮೆಯೇನಲ್ಲ. 1953ರಲ್ಲಿ ಡಾ. ಟಿ. ಎಂ. ಎ. ಪೈಯವರು ಅಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಆರಂಭಿಸಿದಂದಿನಿಂದ ಆ ಊರು ಪರಸ್ಥಳದ ಮಕ್ಕಳ ಊರಾಗಿದೆ. ವಿದೇಶಗಳಿಂದಲೂ ವಿದ್ಯಾರ್ಥಿಗಳು ಬರುತ್ತಾರೆ. ಕೆಲವರು ಪೂರ್ಣ ಪದವಿಗೆ, ಕೆಲವರು ಕೆಲವೇ ತಿಂಗಳುಗಳ ವಿನಿಮಯ ಅಧ್ಯಯನಕ್ಕೆ. ಹೀಗೆ ಅಲ್ಪಕಾಲ ಬಂದವರಿಗೆ ತರಗತಿಗಿಂತ ಸುತ್ತಲಿನ ಊರುಗಳೇ ದೊಡ್ಡ ಪಾಠಶಾಲೆ. ನೆಲವನ್ನು ಬಳಲಿಸದ ಬೇಸಾಯ ಎಂದರೇನೆಂದು ಅವರು ತಿಳಿಯಬಯಸಿದರೆ ಬಹುದೂರ ಹೋಗಬೇಕಾಗಿಲ್ಲ.

ಕಾಪು ತಾಲೂಕಿನ ಮಟ್ಟು ಗ್ರಾಮ ಕಡಲಿಗೂ ಹೊಳೆಗೂ ನಡುವೆ ಇರುವ ಸಣ್ಣ ಊರು. ಮಳೆಗಾಲದಲ್ಲಿ ಭತ್ತ, ಅದರ ಕೊಯ್ಲಾದ ಮೇಲೆ ಅದೇ ಗದ್ದೆಗಳಲ್ಲಿ ಗುಳ್ಳ. ಇದು ದುಂಡಗಿನ, ತಿಳಿಹಸಿರು ಮೈಯ, ಬಿಳಿಗೆರೆಗಳ ಬದನೆ. ತೊಟ್ಟಿನಲ್ಲಿ ಮುಳ್ಳು, ಸಿಪ್ಪೆ ತೆಳು. ಹದಿನಾರನೆಯ ಶತಮಾನದ ಸೋದೆ ಮಠದ ವಾದಿರಾಜ ಯತಿಗಳು ಇದರ ಬೀಜವನ್ನು ಊರಿನವರಿಗೆ ಕೊಟ್ಟರೆಂಬುದು ಐತಿಹ್ಯ. ಇಂದಿಗೂ ಉಡುಪಿಯ ಪರ್ಯಾಯದ ಹೊರೆಕಾಣಿಕೆಯಲ್ಲಿ ಮಟ್ಟುಗುಳ್ಳಕ್ಕೆ ಸ್ಥಾನವಿದೆ. 2011ರಲ್ಲಿ ಇದಕ್ಕೆ ಭೌಗೋಳಿಕ ಸೂಚಿಕೆಯ ಮನ್ನಣೆ ದೊರೆಯಿತು. ಎಂದರೆ ಬೇರೆಡೆ ಬೆಳೆದ ಬದನೆಯನ್ನು ಆ ಹೆಸರಿನಿಂದ ಮಾರುವಂತಿಲ್ಲ.

ಆದರೆ ಹೆಸರನ್ನು ಕಾಯುವುದು ಸುಲಭ, ಬೀಜವನ್ನು ಕಾಯುವುದು ಕಷ್ಟ. ಒಳ್ಳೆಯ ಗಿಡವನ್ನು ಆರಿಸಿ, ಅದರ ಕಾಯಿ ಬಲಿತು ಹಳದಿಯಾಗುವವರೆಗೆ ಕೊಯ್ಯದೆ ಬಿಟ್ಟು, ಬೀಜ ತೆಗೆದು ಒಣಗಿಸಿ ಮುಂದಿನ ವರ್ಷಕ್ಕೆ ಇಡಬೇಕು. ಪಕ್ಕದಲ್ಲಿ ಬೇರೆ ಬದನೆಯಿದ್ದರೆ ಜೇನುನೊಣ ಪರಾಗವನ್ನು ಬೆರೆಸಿಬಿಡುತ್ತದೆ. ಪೇಟೆಯಲ್ಲಿ ಪೊಟ್ಟಣ ಕೊಂಡು ಬಿತ್ತುವವರಿಗೆ ಈ ಚಿಂತೆಯಿಲ್ಲ. ಆದರೆ ಅವರಿಗೆ ತಮ್ಮದೆನ್ನುವ ಬೀಜವೂ ಇಲ್ಲ.

ಅದೇ ತಾಲೂಕಿನ ಶಂಕರಪುರದಲ್ಲಿ ಮಲ್ಲಿಗೆಯ ಲೆಕ್ಕವೇ ಬೇರೆ. ಅರಳುವ ಮುನ್ನ ಮೊಗ್ಗು ಬಿಡಿಸಿ ಬಾಳೆಯ ನಾರಿನಿಂದ ಕಟ್ಟುತ್ತಾರೆ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಪ್ಲಾಸ್ಟಿಕ್ಕಿಲ್ಲ, ನೂಲೂ ಇಲ್ಲ. ದರ ದಿನದಿನಕ್ಕೆ ನಿಗದಿಯಾಗುತ್ತದೆ, ಮದುವೆಯ ಕಾಲದಲ್ಲಿ ಏರುತ್ತದೆ. ಮನೆಯಂಗಳದ ಕೆಲವೇ ಗಿಡಗಳಿಂದ ಗೃಹಿಣಿಯ ಕೈಗೆ ದಿನವೂ ಒಂದಿಷ್ಟು ಹಣ ಬರುವುದು ಇದರ ವೈಶಿಷ್ಟ್ಯ. (ನಮ್ಮ ಹಡಗಲಿಯ ಮಲ್ಲಿಗೆಗೂ ಇಂಥದೇ ಮನ್ನಣೆಯಿದೆ ಎಂಬುದನ್ನು ಹೂವು ಮುಡಿಯುವ ಎಷ್ಟು ಮಂದಿ ಬಲ್ಲರೋ!)

ಕಾರ್ಕಳದ ಕಡೆ ಅಡಿಕೆಯ ತೋಟಗಳು. ತಾನಾಗಿ ಉದುರಿದ ಹಾಳೆಯನ್ನು ತೊಳೆದು, ಬಿಸಿ ಅಚ್ಚಿನಲ್ಲಿ ಒತ್ತಿದರೆ ಊಟದ ತಟ್ಟೆ. ಬಾಗಿಸಿ ಹೊಲಿದರೆ ಕೆಲಸಗಾರನ ತಲೆಗೆ ಮುಟ್ಟಾಳೆ. ಉಂಡು ಎಸೆದ ತಟ್ಟೆ ಮಣ್ಣಿಗೇ ಸೇರುತ್ತದೆ. ದಾಸೋಹದ ಪಂಕ್ತಿಯಲ್ಲಿ ಮುತ್ತುಗದ ಪತ್ರಾವಳಿ ಹಾಸುತ್ತಿದ್ದ ನಮಗೆ ಇದು ಅಪರಿಚಿತ ವಿದ್ಯೆಯಲ್ಲ. ಆ ಪತ್ರಾವಳಿಯ ಜಾಗಕ್ಕೆ ಥರ್ಮಕೋಲಿನ ತಟ್ಟೆ ಬಂದದ್ದನ್ನು ಪ್ರಗತಿಯೆಂದು ನಾವು ಒಪ್ಪಲಾರೆವು.

ಮಟ್ಟುವಿನ ಕಥೆ ಕರಾವಳಿಗೆ ಮಾತ್ರ ಸಂಬಂಧಿಸಿದ್ದಲ್ಲ. ಕಾಯಿಕೊರಕ ಹುಳುವನ್ನು ಕೊಲ್ಲುವಂತೆ ಮಣ್ಣಿನ ಸೂಕ್ಷ್ಮಾಣುವೊಂದರ ವಂಶವಾಹಿಯನ್ನು ಬದನೆಗೆ ಸೇರಿಸುವ ಬಿಟಿ ಬದನೆಯ ಪ್ರಯೋಗಕ್ಕೆ ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಆಯ್ದುಕೊಂಡ ನಾಡತಳಿಗಳಲ್ಲಿ ಉಡುಪಿಯ ಗುಳ್ಳವೂ ಇತ್ತು, ಬೆಳಗಾವಿ ಜಿಲ್ಲೆಯ ಕುಡಚಿಯ ಬದನೆಯೂ ಇತ್ತು. ಹುಳುವಿನ ಹಾವಳಿ ಸುಳ್ಳಲ್ಲ, ಔಷಧ ಸಿಂಪಡಿಸುವ ಖರ್ಚೂ ಸುಳ್ಳಲ್ಲ. ಆದರೆ ಒಮ್ಮೆ ಪರಾಗ ಬೆರೆತರೆ ಹಳೆಯ ಬೀಜವನ್ನು ಮರಳಿ ಪಡೆಯುವುದೆಂತು ಎಂಬ ಬೆಳೆಗಾರರ ಪ್ರಶ್ನೆ ಅದಕ್ಕಿಂತ ದೊಡ್ಡದು. ದೇಶದಾದ್ಯಂತ ಸಾರ್ವಜನಿಕ ಸಮಾಲೋಚನೆ ನಡೆದು, 2010ರ ಫೆಬ್ರವರಿಯಲ್ಲಿ ಕೇಂದ್ರ ಸಚಿವ ಜೈರಾಮ್ ರಮೇಶ್ ಅವರು ಬಿಟಿ ಬದನೆಯನ್ನು ತಡೆಹಿಡಿದರು.

ಮಟ್ಟುವಿನವರು ತಮ್ಮ ಬದನೆಗಾಗಿ ಒಗ್ಗೂಡಿದರು, ಸಂಘ ಕಟ್ಟಿದರು. ಮಕ್ಕಳನ್ನು ಕಾಣಲು ಮಣಿಪಾಲಕ್ಕೆ ಹೋಗುವ ಪಾಲಕರು ಸುಗ್ಗಿಯ ತಿಂಗಳುಗಳಲ್ಲಿ ಅವರನ್ನು ಕರೆದುಕೊಂಡು ಒಂದು ಮುಂಜಾನೆ ಆ ಗದ್ದೆಗಳತ್ತ ಹೋಗಿಬರಬಹುದು. ಕುಡಚಿ, ರಾಯಬಾಗ ಭಾಗದ ಓದುಗರು ತಮ್ಮ ಹಿತ್ತಲಲ್ಲಿ ಬದನೆಯ ಬೀಜ ಕಾಪಾಡಿಕೊಂಡು ಬಂದ ಬಗೆಯನ್ನು ಬರೆದು ಕಳುಹಿಸಿದರೆ ಮುಂದಿನ ಸಂಚಿಕೆಗಳಲ್ಲಿ ಸಂತೋಷದಿಂದ ಪ್ರಕಟಿಸುವೆವು.